ಮಂದ ಬೆಳಕಿನಲ್ಲಿ ಕ್ಯಾಮೆರಾದ ಕಣ್ಣು

(ಸಂಸ್ಥೆಯ ವತಿಯಿಂದ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಛಾಯಾಗ್ರಹಣ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ವಿಜ್ಞಾನದ ಪದವೀಧರನಲ್ಲ, ವೃತ್ತಿನಿರತ ಛಾಯಾಗ್ರಾಹಕನೂ ಅಲ್ಲ. ಆದರೂ ಈ ವಿಷಯದ ಮೇಲೆ ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಾಗ ನಾನು ಒಪ್ಪಿದ್ದಕ್ಕೆ ಒಂದು ಕಾರಣವಿದೆ. ಈ ವಿಷಯವನ್ನು ನಾನು ಪುಸ್ತಕದಿಂದ ಕಲಿಯಲು ಆರಂಭಿಸಲಿಲ್ಲ, ಒಂದು ತಪ್ಪಿನಿಂದ ಆರಂಭಿಸಿದೆ. ಮೊದಲು ಆ ತಪ್ಪನ್ನೇ ತಮ್ಮೆದುರು ಇಡುತ್ತೇನೆ.

2023ರ ಜನವರಿಯಲ್ಲಿ ನಮ್ಮ ಶಾಲೆಯ ವಾರ್ಷಿಕೋತ್ಸವ ನಡೆಯಿತು. ಫೋಟೋ ತೆಗೆಯುವ ಹೊಣೆ ನನ್ನದು. ಸ್ನೇಹಿತರೊಬ್ಬರಿಂದ ಮಿರರ್‌ಲೆಸ್ ಕ್ಯಾಮೆರಾವೊಂದನ್ನು ಎರವಲು ತಂದಿದ್ದೆ. ಹೊಸ ಕ್ಯಾಮೆರಾ, ತಾನಾಗಿಯೇ ಮುಖವನ್ನು ಹುಡುಕಿ ಕಣ್ಣಿನ ಮೇಲೆ ಫೋಕಸ್ ಮಾಡುತ್ತದೆ, ನೀವು ಗುಂಡಿ ಒತ್ತಿದರೆ ಸಾಕು ಎಂದು ಅವರು ಹೇಳಿದ್ದರು. ಸಂಜೆ ಬಹುಮಾನ ವಿತರಣೆಯ ಹೊತ್ತಿಗೆ ಕರೆಂಟು ಹೋಯಿತು. ಜನರೇಟರಿನಿಂದ ಎರಡು ದೀಪ ಉರಿದವು. ಅವೂ ವೇದಿಕೆಯ ಹಿಂಭಾಗದಲ್ಲಿ, ಬ್ಯಾನರಿನ ಮೇಲೆ. ಹತ್ತನೇ ತರಗತಿಯ ಒಬ್ಬ ಹುಡುಗಿ ಕನ್ನಡ ಭಾಷೆಯಲ್ಲಿ ಶಾಲೆಗೇ ಮೊದಲಿಗಳಾಗಿ ಬಂದು ಬಹುಮಾನ ತೆಗೆದುಕೊಂಡಳು. ನಾನು ಐದಾರು ಫೋಟೋ ತೆಗೆದೆ. ಪರದೆಯ ಮೇಲೆ ಎಲ್ಲವೂ ಚೆನ್ನಾಗಿಯೇ ಕಂಡವು.

ಮರುದಿನ ಕಂಪ್ಯೂಟರಿನಲ್ಲಿ ನೋಡಿದಾಗ ನನಗೆ ನಾಚಿಕೆಯಾಯಿತು. ಹಿಂದಿನ ಬ್ಯಾನರಿನ ಮೇಲಿದ್ದ ಅಕ್ಷರಗಳು ಒಂದೊಂದೂ ಕೊರೆದಿಟ್ಟಂತೆ ಸ್ಪಷ್ಟವಾಗಿದ್ದವು. ಮುಂದೆ ನಿಂತ ಹುಡುಗಿಯ ಮುಖ ಮಾತ್ರ ಮಸುಕು. ಒಂದು ವಾರದ ನಂತರ ಆಕೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಸರ್, ಆ ಫೋಟೋ ಕೊಡ್ತೀರಾ? ಅಬ್ಬಾಗೆ ಕಳಿಸ್ಬೇಕು" ಎಂದಳು. ಅವಳ ತಂದೆ ಗಲ್ಫ್ ದೇಶದಲ್ಲಿ ದುಡಿಯುವವರು. ನನ್ನ ಬಳಿ ಕೊಡುವುದಕ್ಕೆ ಏನೂ ಇರಲಿಲ್ಲ.

ಅಂದು ನಾನು ಕ್ಯಾಮೆರಾವನ್ನು ದೂರಿದೆ. ಆಮೇಲೆ ಓದಿ, ಪ್ರಯೋಗ ಮಾಡಿ ನೋಡಿದಾಗ ಕ್ಯಾಮೆರಾ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು ಎಂಬುದು ತಿಳಿಯಿತು. ಅದರ ಕೆಲಸ ಏನೆಂಬುದು ನನಗೆ ತಿಳಿದಿರಲಿಲ್ಲ, ಅಷ್ಟೇ. ಇಂದು ಹೇಳಬೇಕೆಂದಿರುವುದೂ ಅದನ್ನೇ: ಕ್ಯಾಮೆರಾ ಮುಖ್ಯವಾದುದನ್ನು ಹುಡುಕುವುದಿಲ್ಲ, ಸುಲಭವಾಗಿ ಕಾಣುವುದನ್ನು ಹುಡುಕುತ್ತದೆ. ಬೆಳಕು ಕಡಿಮೆಯಾದಷ್ಟೂ ಈ ಎರಡರ ನಡುವಿನ ಅಂತರ ಹೆಚ್ಚುತ್ತದೆ.

ಫೋಕಸ್ ಎಂದರೇನು?

ಭೂತಗನ್ನಡಿಯನ್ನು ಕಿಟಕಿಯೆದುರು ಹಿಡಿದು ಹಿಂದಿನ ಗೋಡೆಯ ಮೇಲೆ ಹೊರಗಿನ ಮರದ ಚಿತ್ರ ಬೀಳಿಸುವ ಆಟವನ್ನು ತಾವೆಲ್ಲ ಆಡಿದ್ದೀರಿ. ಗಾಜನ್ನು ಮುಂದೆ ಹಿಂದೆ ಸರಿಸಿದಾಗ ಒಂದು ಜಾಗದಲ್ಲಿ ಮಾತ್ರ ಚಿತ್ರ ಸ್ಪಷ್ಟವಾಗುತ್ತದೆ. ಅದೇ ಫೋಕಸ್. ಹಿಂದೆ ಛಾಯಾಗ್ರಾಹಕನು ಲೆನ್ಸಿನ ಉಂಗುರವನ್ನು ಕೈಯಿಂದ ತಿರುಗಿಸಿ ಈ ಜಾಗವನ್ನು ಕಂಡುಕೊಳ್ಳುತ್ತಿದ್ದ. ಆ ಕೆಲಸವನ್ನು ಯಂತ್ರವೇ ಮಾಡಿದರೆ ಅದು ಆಟೋಫೋಕಸ್.

ಯಂತ್ರವು ಇದನ್ನು ಮಾಡಲು ಎರಡು ದಾರಿಗಳಿವೆ. ಒಂದು, ತಾನೇ ಏನನ್ನಾದರೂ ಕಳುಹಿಸಿ ದೂರವನ್ನು ಅಳೆಯುವುದು. 1978ರಲ್ಲಿ ಪೋಲರಾಯ್ಡ್ ಕಂಪನಿಯು ಬಾವಲಿಯಂತೆ ಶಬ್ದದ ತರಂಗವನ್ನು ಕಳುಹಿಸಿ ದೂರ ಅಳೆಯುವ ಕ್ಯಾಮೆರಾ ತಂದಿತು. 1979ರಲ್ಲಿ ಕ್ಯಾನನ್ ಕಂಪನಿಯ ಎಎಫ್35ಎಂ ಕ್ಯಾಮೆರಾ ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಬಳಸಿತು. ಇಂತಹ ಕ್ಯಾಮೆರಾಗಳಿಗೆ ಕತ್ತಲೆಯೂ ಒಂದೇ, ಹಗಲೂ ಒಂದೇ. ಆದರೆ ಹತ್ತಿರದ ವಸ್ತುಗಳಿಗಷ್ಟೇ ಇವು ಸರಿ. ಇದೇ ತತ್ವ ಹೊಸ ರೂಪದಲ್ಲಿ ಮರಳಿ ಬಂದಿದೆ: 2014ರ ಎಲ್‌ಜಿ ಜಿ3 ಮೊಬೈಲಿನಲ್ಲಿ ಲೇಸರ್ ಕಿರಣವಾಗಿ, 2020ರ ಐಫೋನ್ 12 ಪ್ರೋದಲ್ಲಿ ಲೈಡಾರ್ ಎಂಬ ಹೆಸರಿನಲ್ಲಿ.

ಎರಡನೆಯ ದಾರಿ, ಏನನ್ನೂ ಕಳುಹಿಸದೆ, ವಸ್ತುವಿನಿಂದ ಬರುವ ಬೆಳಕನ್ನೇ ನೋಡಿ ತೀರ್ಮಾನಿಸುವುದು. 1977ರ ಕೋನಿಕಾ ಸಿ35 ಎಎಫ್, ಅಂದರೆ ದೊಡ್ಡ ಪ್ರಮಾಣದಲ್ಲಿ ತಯಾರಾಗಿ ಮಾರುಕಟ್ಟೆಗೆ ಬಂದ ಮೊದಲ ಆಟೋಫೋಕಸ್ ಕ್ಯಾಮೆರಾ, ಈ ದಾರಿಯದು. ಇಂದಿನ ಮಿರರ್‌ಲೆಸ್ ಕ್ಯಾಮೆರಾಗಳೂ ಇದೇ ದಾರಿಯವು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುವುದಿಲ್ಲ, ವಸ್ತುವಿನಿಂದಲೇ ಬೆಳಕು ಕಣ್ಣಿಗೆ ಬರುತ್ತದೆ ಎಂದು ಸುಮಾರು ಸಾವಿರ ವರ್ಷಗಳ ಹಿಂದೆ ಬಸ್ರಾದ ಇಬ್ನುಲ್ ಹೈಸಮ್ ತಮ್ಮ 'ಕಿತಾಬುಲ್ ಮನಾಜಿರ್' ಗ್ರಂಥದಲ್ಲಿ ವಿವರಿಸಿದರು. ಕ್ಯಾಮೆರಾಕ್ಕೂ ಇದೇ ಮಾತು ಅನ್ವಯಿಸುತ್ತದೆ. ಬಾರದ ಬೆಳಕನ್ನು ಅದು ನೋಡಲಾರದು.

ಮಿರರ್‌ಲೆಸ್ ಕ್ಯಾಮೆರಾ ಹೇಗೆ ನೋಡುತ್ತದೆ?

ಹಳೆಯ ಡಿಎಸ್ಎಲ್ಆರ್ ಕ್ಯಾಮೆರಾದಲ್ಲಿ ಒಂದು ಕನ್ನಡಿ ಇರುತ್ತದೆ. ಲೆನ್ಸಿನಿಂದ ಬಂದ ಬೆಳಕಿನ ಒಂದು ಭಾಗವನ್ನು ಅದು ತಳದಲ್ಲಿರುವ ಪ್ರತ್ಯೇಕ ಫೋಕಸ್ ಸೆನ್ಸರಿಗೆ ಕಳುಹಿಸುತ್ತದೆ. ಮಿರರ್‌ಲೆಸ್ ಎಂದರೆ ಕನ್ನಡಿ ಇಲ್ಲದ್ದು. ಇಲ್ಲಿ ಫೋಟೋ ತೆಗೆಯುವ ಸೆನ್ಸರೇ ಫೋಕಸನ್ನೂ ನೋಡಬೇಕು. ಈ ಬಗೆಯ ಕ್ಯಾಮೆರಾಗಳ ಕಾಲ 2008ರಲ್ಲಿ ಬಂದ ಪ್ಯಾನಸೋನಿಕ್ ಲುಮಿಕ್ಸ್ ಜಿ1ರಿಂದ ಆರಂಭವಾಯಿತೆನ್ನಬಹುದು.

ಆ ಮೊದಲ ಕ್ಯಾಮೆರಾಗಳು ಬಳಸಿದ್ದು ಕಾಂಟ್ರಾಸ್ಟ್ ವಿಧಾನ. ಚಿತ್ರ ಸ್ಪಷ್ಟವಾದಾಗ ಕಪ್ಪು ಬಿಳುಪಿನ ಅಂಚು ಚೂಪಾಗುತ್ತದೆ. ಲೆನ್ಸನ್ನು ಸರಿಸುತ್ತಾ ಹೋಗಿ, ಅಂಚು ಅತ್ಯಂತ ಚೂಪಾದ ಜಾಗವನ್ನು ದಾಟಿ, ಮತ್ತೆ ಹಿಂದಕ್ಕೆ ಬಂದು ನಿಲ್ಲಬೇಕು. ಹಳೆಯ ರೇಡಿಯೋದಲ್ಲಿ ಸ್ಟೇಷನ್ ಹಿಡಿಯಲು ಗುಂಡಿಯನ್ನು ಆಚೀಚೆ ತಿರುಗಿಸುತ್ತಿದ್ದೆವಲ್ಲ, ಹಾಗೆ. ಇದು ನಿಖರ, ಆದರೆ ನಿಧಾನ. ಬೆಳಕು ಕಡಿಮೆಯಾದರೆ ಲೆನ್ಸ್ ಸುಮ್ಮನೆ ಮುಂದೆ ಹಿಂದೆ ಓಡಾಡುತ್ತಲೇ ಇರುತ್ತದೆ.

ಇನ್ನೊಂದು ಫೇಸ್ ವಿಧಾನ. ಇದನ್ನು ತಿಳಿಯಲು ನಿಮ್ಮ ಬೆರಳನ್ನು ಮುಖದ ಮುಂದೆ ಹಿಡಿದು, ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಆಚೀಚೆ ಜಿಗಿಯುತ್ತದೆ. ಹತ್ತಿರವಿದ್ದರೆ ಜಿಗಿತ ಹೆಚ್ಚು, ದೂರವಿದ್ದರೆ ಕಡಿಮೆ. ಕ್ಯಾಮೆರಾವೂ ಲೆನ್ಸಿನ ಎಡ ಅಂಚಿನಿಂದ ಬಂದ ಬೆಳಕಿನ ಚಿತ್ರವನ್ನೂ, ಬಲ ಅಂಚಿನಿಂದ ಬಂದ ಬೆಳಕಿನ ಚಿತ್ರವನ್ನೂ ಹೋಲಿಸುತ್ತದೆ. ಎರಡೂ ಒಂದರ ಮೇಲೊಂದು ಕುಳಿತರೆ ಫೋಕಸ್ ಸರಿ. ಕುಳಿತಿಲ್ಲವಾದರೆ ಯಾವ ಕಡೆಗೆ, ಎಷ್ಟು ಸರಿಯಬೇಕು ಎಂಬುದು ಒಂದೇ ನೋಟದಲ್ಲಿ ತಿಳಿಯುತ್ತದೆ. 2011ರಲ್ಲಿ ನಿಕಾನ್ 1 ಸರಣಿಯ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಈ ವಿಧಾನ ಚಿತ್ರ ತೆಗೆಯುವ ಸೆನ್ಸರಿನ ಮೇಲೆಯೇ ಬಂದಿತು. 2013ರಲ್ಲಿ ಕ್ಯಾನನ್ 70ಡಿ ಕ್ಯಾಮೆರಾದಲ್ಲಿ ಒಂದೊಂದು ಪಿಕ್ಸೆಲ್ಲನ್ನೂ ಎಡ ಬಲ ಎಂದು ಎರಡು ಭಾಗ ಮಾಡಿದ ಡ್ಯುಯಲ್ ಪಿಕ್ಸೆಲ್ ವ್ಯವಸ್ಥೆ ಬಂದಿತು. ಇಂದಿನ ಹೆಚ್ಚಿನ ಮಿರರ್‌ಲೆಸ್ ಕ್ಯಾಮೆರಾಗಳು ಫೇಸ್ ವಿಧಾನದವೇ.

ಇಲ್ಲಿ ಒಂದು ಮುಖ್ಯ ಮಾತು. ಎಡಭಾಗದ ಕಣ್ಣಿಗೆ ಲೆನ್ಸಿನ ಅರ್ಧ ಬೆಳಕು, ಬಲಭಾಗಕ್ಕೆ ಇನ್ನರ್ಧ. ಅಂದರೆ ಫೋಟೋ ತೆಗೆಯಲು ಸಿಗುವಷ್ಟು ಬೆಳಕೂ ಫೋಕಸ್ ನೋಡುವ ಕಣ್ಣಿಗೆ ಸಿಗುವುದಿಲ್ಲ.

ಬೆಳಕು ಕಡಿಮೆಯಾದರೆ ಏನಾಗುತ್ತದೆ?

ಬೆಳಕು ನೀರಿನಂತೆ ಒಂದೇ ಸಮನೆ ಹರಿಯುವುದಿಲ್ಲ. ಅದು ಮಳೆಹನಿಯಂತೆ ಕಣಕಣವಾಗಿ ಬೀಳುತ್ತದೆ. ಹನಿಗಳು ಕಡಿಮೆಯಾದಷ್ಟೂ ಏರುಪೇರು ಎದ್ದು ಕಾಣುತ್ತದೆ. ಲೆಕ್ಕ ಸರಳ: ಒಂದು ಪಿಕ್ಸೆಲ್ಲಿಗೆ 10,000 ಕಣ ಬಿದ್ದರೆ ಸಹಜ ಏರುಪೇರು ಅದರ ವರ್ಗಮೂಲ, ಅಂದರೆ 100. ಶೇಕಡ 1 ಮಾತ್ರ. ಅದೇ 100 ಕಣ ಬಿದ್ದರೆ ಏರುಪೇರು 10, ಅಂದರೆ ಶೇಕಡ 10. ಬೆಳಕು ನೂರನೇ ಒಂದು ಪಾಲಾದರೆ ಗೊಂದಲ ಹತ್ತು ಪಟ್ಟು. ಇದು ಯಾವ ಕಂಪನಿಯ ದೋಷವೂ ಅಲ್ಲ, ಬೆಳಕಿನ ಸ್ವಭಾವ.

ನನ್ನ ಪಾಠದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಉರ್ದುವಿನಲ್ಲಿ ಬೇ, ಪೇ, ತೇ, ಸೇ ಈ ನಾಲ್ಕೂ ಅಕ್ಷರಗಳಿಗೆ ದೇಹ ಒಂದೇ. ಕೆಳಗೆ ಒಂದು ಚುಕ್ಕೆಯೋ ಮೂರೋ, ಮೇಲೆ ಎರಡೋ ಮೂರೋ ಎಂಬುದಷ್ಟೇ ವ್ಯತ್ಯಾಸ. ಕನ್ನಡದಲ್ಲಿ 'ದ' ಮತ್ತು 'ಧ' ನಡುವೆ ಒಂದು ಸಣ್ಣ ಸೀಳು ಮಾತ್ರ. ಸಂಜೆಗತ್ತಲಲ್ಲಿ ಓದಲು ಕುಳಿತರೆ ಮೊದಲು ಮಾಯವಾಗುವುದು ಆ ಚುಕ್ಕೆ, ಆ ಸೀಳು. ದಪ್ಪ ಶೀರ್ಷಿಕೆ ಮಾತ್ರ ಓದಿಸಿಕೊಳ್ಳುತ್ತದೆ. ಕ್ಯಾಮೆರಾದ ಸ್ಥಿತಿಯೂ ಇದೇ. ಮಂದ ಬೆಳಕಿನಲ್ಲಿ ಕೆನ್ನೆಯ ನಯವಾದ ಚರ್ಮ, ಕಪ್ಪು ಶೇರ್ವಾನಿ, ಒಂದೇ ಬಣ್ಣದ ದುಪಟ್ಟಾ ಇವುಗಳಲ್ಲಿ ಹಿಡಿದುಕೊಳ್ಳಲು ಅದಕ್ಕೆ ಅಂಚೇ ಸಿಗುವುದಿಲ್ಲ. ಬೆಳಗುವ ಬ್ಯಾನರಿನ ದಪ್ಪ ಅಕ್ಷರ ಸಿಗುತ್ತದೆ. ಅದನ್ನೇ ಅದು ಹಿಡಿದುಕೊಂಡಿತ್ತು.

ಸಮಯದ ಪ್ರಶ್ನೆಯೂ ಇದೆ. ಸೋನಿ ಕಂಪನಿಯ ಎ9 (2017) ಸೆಕೆಂಡಿಗೆ 60 ಬಾರಿ, ಎ1 (2021) ಸೆಕೆಂಡಿಗೆ 120 ಬಾರಿ ಫೋಕಸ್ ಲೆಕ್ಕ ಹಾಕಬಲ್ಲವು. ಒಳ್ಳೆಯ ಬೆಳಕಿನಲ್ಲಿ ಇದು ಅದ್ಭುತ. ಆದರೆ ಕತ್ತಲಲ್ಲಿ ಒಂದು ನೋಟಕ್ಕೆ ಸಾಕಾಗುವಷ್ಟು ಬೆಳಕು ಕೂಡಿಕೊಳ್ಳಲು ಕ್ಯಾಮೆರಾ ಹೆಚ್ಚು ಹೊತ್ತು ಕಾಯಬೇಕು, ಇಲ್ಲವೇ ಗೊಂದಲದ ನೋಟವನ್ನೇ ನಂಬಬೇಕು. ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ನಡೆದು ಬರುವ ವ್ಯಕ್ತಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ 10 ಸೆಂಟಿಮೀಟರ್ ಮುಂದೆ ಬಂದಿರುತ್ತಾನೆ.

ಇನ್ನು ಬಣ್ಣದ ದೀಪಗಳು. ಸೆನ್ಸರಿನ ಪಿಕ್ಸೆಲ್ಲುಗಳಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ ಬೆಳಕಿಗೆ ಮೀಸಲು. ಮದುವೆ ಮಂಟಪದಲ್ಲಿ ವಧೂವರರ ಪ್ರವೇಶಕ್ಕೆಂದು ಎಲ್ಲ ದೀಪ ಆರಿಸಿ ಕಡುಗೆಂಪು ಅಥವಾ ಕಡುನೀಲಿ ಎಲ್‌ಇಡಿ ಮಾತ್ರ ಹಚ್ಚಿದರೆ, ಸೆನ್ಸರಿನ ಬಹುಪಾಲು ಆ ಹೊತ್ತು ಹೆಚ್ಚುಕಡಿಮೆ ಕುರುಡು. ನಮ್ಮ ಕಣ್ಣಿಗೆ ಸೊಗಸು, ಕ್ಯಾಮೆರಾಕ್ಕೆ ಸಂಕಟ.

ಹಳೆಯ ಡಿಎಸ್ಎಲ್ಆರ್ ಬಳಸಿದವರು ಇನ್ನೊಂದು ದೂರು ಹೇಳುತ್ತಾರೆ. ಆಗ ಫ್ಲ್ಯಾಶಿನಿಂದ ಕೆಂಪು ಗೆರೆಗಳ ಜಾಲ ಬಿದ್ದು ಕತ್ತಲಲ್ಲೂ ಫೋಕಸ್ ಆಗುತ್ತಿತ್ತು, ಈಗ ಅದೇ ಫ್ಲ್ಯಾಶ್ ಹಾಕಿದರೂ ಆಗುತ್ತಿಲ್ಲ ಎಂದು. ದೂರು ನಿಜ. ಆ ಕಡುಗೆಂಪು ಬೆಳಕನ್ನು ಹಳೆಯ ಪ್ರತ್ಯೇಕ ಫೋಕಸ್ ಸೆನ್ಸರ್ ಚೆನ್ನಾಗಿ ನೋಡುತ್ತಿತ್ತು. ಚಿತ್ರ ತೆಗೆಯುವ ಸೆನ್ಸರಿನ ಮುಂದೆ ಅವಕೆಂಪನ್ನು ತಡೆಯುವ ಗಾಜು ಇರುತ್ತದೆ. ಬಹುತೇಕ ಮಿರರ್‌ಲೆಸ್ ಕ್ಯಾಮೆರಾಗಳು ಆ ಜಾಲವನ್ನು ಬಳಸುವುದೇ ಇಲ್ಲ. ಕ್ಯಾಮೆರಾದ ಮೈಮೇಲಿರುವ ಸಣ್ಣ ಸಹಾಯಕ ದೀಪ ಹತ್ತಿರದ ವಸ್ತುವಿಗಷ್ಟೇ ನೆರವಾಗುತ್ತದೆ, ಎದುರಿದ್ದವರ ಕಣ್ಣಿಗೂ ಚುಚ್ಚುತ್ತದೆ.

ಜಾಹೀರಾತಿನ ಅಂಕಿಯನ್ನು ಓದುವುದು ಹೇಗೆ?

ಈಗ ಇವಿ ಎಂಬ ಅಂಕಿಗೆ ಬರೋಣ. ಕ್ಯಾಮೆರಾ ಕೊಳ್ಳಲು ಹೋದರೆ, 'ಇದು ಮೈನಸ್ 6 ಇವಿ ವರೆಗೆ ಫೋಕಸ್ ಮಾಡುತ್ತದೆ' ಎಂಬ ಮಾತು ಕೇಳುತ್ತೀರಿ. ಇದು ಬೆಳಕಿನ ಮೆಟ್ಟಿಲು. ಒಂದು ಮೆಟ್ಟಿಲು ಇಳಿದರೆ ಬೆಳಕು ಅರ್ಧವಾಗುತ್ತದೆ. ನಡುಹಗಲ ಬಿಸಿಲು ಸುಮಾರು 15. ರಾತ್ರಿ ದೀಪ ಹಚ್ಚಿದ ಮನೆ ಅಥವಾ ಮಂದವಾದ ಸಭಾಂಗಣ 5ರಿಂದ 7. ಬಿಸಿಲಿನಿಂದ 5ಕ್ಕೆ ಬಂದರೆ ಹತ್ತು ಮೆಟ್ಟಿಲು, ಅಂದರೆ ಬೆಳಕು 1024ರಲ್ಲಿ ಒಂದು ಪಾಲು. ನಮ್ಮ ಕಣ್ಣು ಹೊಂದಿಕೊಳ್ಳುವುದರಿಂದ ಇಷ್ಟು ಇಳಿದದ್ದು ನಮಗೆ ಅರಿವಾಗುವುದೇ ಇಲ್ಲ. ಹುಣ್ಣಿಮೆಯ ಬೆಳದಿಂಗಳು ಮೈನಸ್ 3ರ ಆಸುಪಾಸು. ಮೈನಸ್ 6 ಎಂದರೆ ಬೆಳದಿಂಗಳ ಎಂಟನೇ ಒಂದು ಪಾಲು.

ಪ್ರಗತಿ ನಿಜವಾಗಿಯೂ ದೊಡ್ಡದು. 2014ರ ನಿಕಾನ್ ಡಿ750 ಎಂಬ ಒಳ್ಳೆಯ ಡಿಎಸ್ಎಲ್ಆರ್ ಮೈನಸ್ 3ರ ವರೆಗೆ ಎಂದು ಹೇಳಿಕೊಂಡಿತ್ತು. 2018ರ ಸೋನಿ ಎ7-3 ಮಿರರ್‌ಲೆಸ್ಸೂ ಮೈನಸ್ 3. ಅದೇ ವರ್ಷ ಕ್ಯಾನನ್ ಇಒಎಸ್ ಆರ್ ಮೈನಸ್ 6 ಎಂದಿತು. 2020ರ ಕ್ಯಾನನ್ ಆರ್6 ಮೈನಸ್ 6.5 ಎಂದರೆ, 2023ರ ನಿಕಾನ್ ಝಡ್ಎಫ್ ಮತ್ತು 2024ರ ಝಡ್6-3 ಮೈನಸ್ 10 ಎಂದವು.

ಹಾಗಾದರೆ ಬೆಳದಿಂಗಳಲ್ಲಿ ನೋಡಬಲ್ಲ ಕ್ಯಾಮೆರಾ ಸಭಾಂಗಣದಲ್ಲಿ ಏಕೆ ಎಡವುತ್ತದೆ? ಉತ್ತರ ಅಂಕಿಯ ಕೆಳಗಿನ ಸಣ್ಣ ಅಕ್ಷರಗಳಲ್ಲಿದೆ. ಕ್ಯಾನನ್ ಆರ್6ರ ಅಂಕಿಗೆ ಷರತ್ತು ಹೀಗಿದೆ: ಎಫ್ 1.2 ಲೆನ್ಸ್ ಇರಬೇಕು, ನಡುವಿನ ಬಿಂದುವನ್ನು ಬಳಸಬೇಕು, ನಿಂತ ವಸ್ತುವಿಗೆ ಒಮ್ಮೆ ಮಾತ್ರ ಫೋಕಸ್ ಮಾಡುವ ಕ್ರಮದಲ್ಲಿರಬೇಕು, ಉಷ್ಣತೆ 23 ಡಿಗ್ರಿ ಇರಬೇಕು. ನಿಕಾನಿನ ಮೈನಸ್ 10ಕ್ಕೂ ಎಫ್ 1.2 ಲೆನ್ಸ್ ಮತ್ತು ಒಮ್ಮೆ ಫೋಕಸ್ ಮಾಡುವ ಕ್ರಮವೇ ಷರತ್ತು. ಕಂಪನಿಗಳು ಸುಳ್ಳು ಹೇಳಿಲ್ಲ. ನಾವು ಕೆಳಗಿನ ಸಾಲನ್ನು ಓದಿಲ್ಲ.

ಕ್ಯಾಮೆರಾದ ಜೊತೆ ಬರುವ ಸಾಮಾನ್ಯ ಲೆನ್ಸನ್ನು ಪೂರ್ತಿ ಜೂಮ್ ಮಾಡಿದರೆ ಅದರ ಬಾಯಿ ಎಫ್ 5.6, ಕೆಲವದರಲ್ಲಿ 6.3. ಎಫ್ 1.2ಕ್ಕೆ ಹೋಲಿಸಿದರೆ 5.6ರಲ್ಲಿ ಒಳಬರುವ ಬೆಳಕು ಸುಮಾರು 22ರಲ್ಲಿ ಒಂದು ಪಾಲು, ನಾಲ್ಕೂವರೆ ಮೆಟ್ಟಿಲಿನಷ್ಟು ಕಡಿಮೆ. ಮೈನಸ್ 6.5 ಎಂಬುದು ಲೆಕ್ಕದಲ್ಲಿಯೇ ಮೈನಸ್ 2ಕ್ಕೆ ಏರಿತು. ಜೊತೆಗೆ ಬಾಯಿ ಚಿಕ್ಕದಾದಾಗ ಎಡ ಬಲದ ಆ ಎರಡು 'ಕಣ್ಣುಗಳು' ಹತ್ತಿರ ಹತ್ತಿರ ಬಂದು, ವ್ಯತ್ಯಾಸವನ್ನು ಗುರುತಿಸುವುದೂ ಕಷ್ಟವಾಗುತ್ತದೆ. ಅದರ ಮೇಲೆ ನಡೆಯುವ ಮನುಷ್ಯ, ನಯವಾದ ಬಟ್ಟೆ, ಬಣ್ಣದ ದೀಪ, ಮೂಲೆಯಲ್ಲಿರುವ ಮುಖ. ಒಂದೊಂದೂ ಒಂದಿಷ್ಟು ಮೆಟ್ಟಿಲು ತಿನ್ನುತ್ತದೆ.

ಎರಡು ಕಂಪನಿಗಳ ಅಂಕಿಗಳನ್ನು ನೇರವಾಗಿ ಹೋಲಿಸುವುದೂ ತಪ್ಪು. 2020ರ ಸೋನಿ ಎ7ಎಸ್-3 ಮೈನಸ್ 6 ಎನ್ನುತ್ತದೆ, ಆದರೆ ಎಫ್ 2 ಲೆನ್ಸಿನೊಂದಿಗೆ. ಎಫ್ 1.2ರಿಂದ 2ಕ್ಕೆ ಒಂದೂವರೆ ಮೆಟ್ಟಿಲು. ಒಂದೇ ಅಳತೆಗೆ ತಂದರೆ ಆ ಮೈನಸ್ 6, ಸುಮಾರು ಮೈನಸ್ 7.5ಕ್ಕೆ ಸಮ. ಅಂಗಡಿಯಲ್ಲಿ ಮೈನಸ್ 6.5 ದೊಡ್ಡದೆಂದು ಕಾಣುತ್ತದೆ. ಒಬ್ಬ ಶಿಕ್ಷಕರು 50ಕ್ಕೆ, ಇನ್ನೊಬ್ಬರು 100ಕ್ಕೆ ಅಂಕ ಕೊಟ್ಟರೆ ಹಾಗೆಯೇ ಹೋಲಿಸುತ್ತೇವೆಯೇ?

ಹಸಿರು ಚೌಕದ ಮೋಸ

ಪರದೆಯ ಮೇಲೆ ಮುಖದ ಸುತ್ತ, ಕಣ್ಣಿನ ಸುತ್ತ ಒಂದು ಚೌಕ ಬರುತ್ತದೆ. ಚೌಕ ಬಂದ ಮೇಲೆ ಫೋಕಸ್ ಆಯಿತೆಂದೇ ನಾವು ನಂಬುತ್ತೇವೆ. ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. 'ಇಲ್ಲಿ ಒಂದು ಕಣ್ಣಿದೆ' ಎಂದು ಗುರುತಿಸುವುದು ಒಂದು ಕೆಲಸ. 'ಆ ಕಣ್ಣು ಎಷ್ಟು ದೂರದಲ್ಲಿದೆ' ಎಂದು ಅಳೆಯುವುದು ಇನ್ನೊಂದು. ಮೊದಲನೆಯದನ್ನು ಸಾವಿರಾರು ಚಿತ್ರಗಳಿಂದ ಕಲಿತ ತಂತ್ರಾಂಶ ಮಾಡುತ್ತದೆ. ಮಸುಕಾದ ಮುಖವನ್ನೂ ಅದು ಮುಖವೆಂದು ಗುರುತಿಸಬಲ್ಲದು, ನಾವು ಕನ್ನಡಕವಿಲ್ಲದೆಯೂ ಪರಿಚಿತರನ್ನು ಗುರುತಿಸುವ ಹಾಗೆ. ಎರಡನೆಯದಕ್ಕೆ ಮಾತ್ರ ಚೂಪಾದ ಅಂಚು ಬೇಕೇ ಬೇಕು. ಆದ್ದರಿಂದ ಕತ್ತಲಲ್ಲಿ ಚೌಕ ಸರಿಯಾದ ಜಾಗದಲ್ಲಿದ್ದು, ಫೋಕಸ್ ಬೇರೆಡೆ ಇರಬಹುದು.

ಪರದೆಯೂ ಮೋಸ ಮಾಡುತ್ತದೆ. ಮಿರರ್‌ಲೆಸ್ ಕ್ಯಾಮೆರಾ ಕತ್ತಲೆಯ ದೃಶ್ಯವನ್ನು ಹಿಗ್ಗಿಸಿ ಬೆಳಗಿಸಿ ತೋರಿಸುತ್ತದೆ. ಪರದೆ ಬೆಳಗಿದೆ ಎಂದರೆ ವೇದಿಕೆ ಬೆಳಗಿದೆ ಎಂದು ಅರ್ಥವಲ್ಲ. ಅಂದು ನಾನು ನಂಬಿ ಕೆಟ್ಟದ್ದು ಅಂಗೈ ಅಗಲದ ಆ ಪರದೆಯನ್ನೇ.

ನಾವು ಮಾಡಬಹುದಾದದ್ದು

ವಿದ್ಯಾರ್ಥಿಗಳು ಬರೆದುಕೊಳ್ಳಲು ಅನುಕೂಲವಾಗಲೆಂದು ಕ್ರಮವಾಗಿ ಹೇಳುತ್ತೇನೆ.

1. ಮೊದಲು ಬೆಳಕನ್ನು ಕೇಳಿ. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮುಂಚೆ ಹೋಗಿ, ದೀಪ ಮುಖದ ಕಡೆಗಿದೆಯೋ ಬೆನ್ನ ಕಡೆಗಿದೆಯೋ ನೋಡಿ. ಸಂಘಟಕರಲ್ಲಿ ವಿನಂತಿಸಿ ಮುಂಭಾಗಕ್ಕೆ ಒಂದು ದೀಪ ಹಾಕಿಸಿದರೆ, ಯಾವ ಹೊಸ ಕ್ಯಾಮೆರಾವೂ ಕೊಡದಷ್ಟು ಲಾಭ ಸಿಗುತ್ತದೆ.

2. ಬಾಡಿಗಿಂತ ಮೊದಲು ಲೆನ್ಸ್. ಎಫ್ 5.6ರ ಬದಲು ಎಫ್ 1.8ರ ಲೆನ್ಸ್ ಹಾಕಿದರೆ ಒಳಬರುವ ಬೆಳಕು ಹತ್ತಿರ ಹತ್ತಿರ ಹತ್ತು ಪಟ್ಟು. 50 ಮಿಲಿಮೀಟರಿನ ಎಫ್ 1.8 ಲೆನ್ಸ್ ಹೆಚ್ಚಿನ ಕಂಪನಿಗಳಲ್ಲಿ ಕಡಿಮೆ ಬೆಲೆಯ ಲೆನ್ಸುಗಳಲ್ಲೊಂದು. ಆದರೆ ಎಚ್ಚರ: ಚಿಕ್ಕ ಸೆನ್ಸರಿನ, ಅಂದರೆ ಎಪಿಎಸ್-ಸಿ ಕ್ಯಾಮೆರಾದಲ್ಲಿ ಈ ಲೆನ್ಸಿನಿಂದ ಒಂದೂವರೆ ಮೀಟರ್ ದೂರದ ವ್ಯಕ್ತಿಯನ್ನು ತೆಗೆದರೆ ಸ್ಪಷ್ಟವಾಗಿರುವ ಆಳ ಸುಮಾರು ಆರೂವರೆ ಸೆಂಟಿಮೀಟರ್ ಮಾತ್ರ. ಎರಡು ಹೆಜ್ಜೆ ಹಿಂದೆ ನಿಂತು ತೆಗೆಯುವುದು ಲೇಸು.

3. ಅಂಚನ್ನು ತೋರಿಸಿ. ಇಡೀ ಚೌಕಟ್ಟನ್ನು ಕ್ಯಾಮೆರಾದ ಇಷ್ಟಕ್ಕೆ ಬಿಡದೆ ಸಣ್ಣ ಫೋಕಸ್ ಬಿಂದುವನ್ನು ಆರಿಸಿ, ಮುಖದಷ್ಟೇ ದೂರದಲ್ಲಿರುವ ಚೂಪಾದ ಅಂಚಿನ ಮೇಲಿಡಿ. ಕಾಲರಿನ ಅಂಚು, ದುಪಟ್ಟಾದ ಜರಿ, ಎದೆಯ ಮೇಲಿನ ಬ್ಯಾಡ್ಜು, ಕನ್ನಡಕದ ಚೌಕಟ್ಟು, ಯಾವುದಾದರೂ ಸರಿ.

4. ಹಿಡಿಯದಿದ್ದರೆ ಕ್ಯಾಮೆರಾವನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿ ನೋಡಿ. ಎಡ ಬಲದ ಕಣ್ಣುಗಳು ನಿಂತ ಗೆರೆಯನ್ನು ಚೆನ್ನಾಗಿ ನೋಡುತ್ತವೆ, ಮಲಗಿದ ಗೆರೆಯನ್ನು ನೋಡಲು ಕಷ್ಟಪಡುತ್ತವೆ. 2022ರ ಓಎಂ-1 ಮತ್ತು 2024ರ ಕ್ಯಾನನ್ ಆರ್1 ಎರಡೂ ದಿಕ್ಕಿನಲ್ಲಿ ನೋಡಬಲ್ಲವು. ಹೆಚ್ಚಿನವು ಹಾಗಲ್ಲ.

5. ಜಾಗವನ್ನು ಮೊದಲೇ ಗುರುತು ಮಾಡಿ. ಬಹುಮಾನ ಪಡೆಯುವವರು ನಿಲ್ಲುವ ಕಡೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ. ದೀಪಗಳಿರುವಾಗಲೇ ಅಲ್ಲಿ ಒಬ್ಬರನ್ನು ನಿಲ್ಲಿಸಿ ಫೋಕಸ್ ಮಾಡಿ, ನಂತರ ಕೈಫೋಕಸಿಗೆ ಬದಲಾಯಿಸಿ ಬಿಟ್ಟುಬಿಡಿ. ಆಮೇಲೆ ಕರೆಂಟು ಹೋದರೂ ಫೋಕಸ್ ಹೋಗದು.

6. ಫ್ಲ್ಯಾಶ್ ಬಳಸುವಾಗ, ಸೆಟ್ಟಿಂಗಿನ ಪರಿಣಾಮವನ್ನು ಪರದೆಯಲ್ಲಿ ತೋರಿಸುವ ಆಯ್ಕೆಯನ್ನು ಆರಿಸಿಡಿ. ಇಲ್ಲವಾದರೆ ಪರದೆ ಕತ್ತಲಾಗಿ ನಿಮಗೇ ಏನೂ ಕಾಣದು. ಕೆಲವು ಮಿರರ್‌ಲೆಸ್ ಕ್ಯಾಮೆರಾಗಳು ನೀವು ಆರಿಸಿದ ಚಿಕ್ಕ ಬಾಯಿಯಲ್ಲಿಯೇ ಫೋಕಸ್ ಮಾಡುತ್ತವೆ. ಅಂತಹ ಕಡೆ ಎಫ್ 8 ಇಟ್ಟುಕೊಂಡು ಕತ್ತಲಲ್ಲಿ ಫೋಕಸ್ ನಿರೀಕ್ಷಿಸಬೇಡಿ.

7. ಮೊದಲ ಎರಡು ಫೋಟೋ ತೆಗೆದ ಕೂಡಲೇ ಹಿಗ್ಗಿಸಿ ಕಣ್ಣನ್ನು ನೋಡಿ. ಪೂರ್ತಿ ಚಿತ್ರ ನೋಡಿ ತೃಪ್ತರಾಗಬೇಡಿ. ಈ ಏಳನೆಯದನ್ನು ಅಂದು ನಾನು ಮಾಡಿದ್ದರೆ ಇಂದು ಈ ಭಾಷಣದ ಅಗತ್ಯವೇ ಇರುತ್ತಿರಲಿಲ್ಲ.

ಸಾಲಕ್ಕೆ ಮುಂಚೆ ಒಂದು ಸಂಜೆ

ನಮ್ಮ ಹುಡುಗರಲ್ಲಿ ಹಲವರು ಮದುವೆ, ಸಭೆ ಸಮಾರಂಭಗಳ ಫೋಟೋ ತೆಗೆದು ಮನೆ ನಡೆಸುತ್ತಿದ್ದಾರೆ. ಮರ್ಯಾದೆಯ ದುಡಿಮೆ. ಅವರ ಕೆಲಸ ಬಹುಪಾಲು ರಾತ್ರಿಯದು, ಮಂದ ಬೆಳಕಿನದು. ಹಾಗಾಗಿ 'ಕತ್ತಲಲ್ಲೂ ನೋಡುವ' ಹೊಸ ಬಾಡಿಗಾಗಿ ಕಂತಿನ ಸಾಲ ಮಾಡುವ ಆಸೆ ಸಹಜ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೀಗೆಯೇ ಸಲಹೆ ಕೇಳಲು ಬಂದಿದ್ದ. ನಾನು ಹೇಳಿದ್ದು ಇಷ್ಟೇ: ಆ ಕ್ಯಾಮೆರಾವನ್ನು ಒಂದು ದಿನದ ಬಾಡಿಗೆಗೆ ತಾ. ನಿನ್ನದೇ ಲೆನ್ಸ್ ಹಾಕು. ಒಂದೇ ಬಲ್ಬು ಉರಿಯುವ ಕೋಣೆಯಲ್ಲಿ ನಿನ್ನ ತಮ್ಮನನ್ನು ನಿನ್ನ ಕಡೆ ನಡೆಸು. ಇಪ್ಪತ್ತು ಫೋಟೋ ತೆಗೆ, ಹಿಗ್ಗಿಸಿ ನೋಡಿ ಎಷ್ಟು ಸರಿಯಿವೆ ಎಂದು ಎಣಿಸು. ಅದೇ ಕೆಲಸವನ್ನು ನಿನ್ನ ಹಳೆಯ ಬಾಡಿಗೆ ಎಫ್ 1.8 ಲೆನ್ಸ್ ಹಾಕಿ ಮಾಡು. ಆಮೇಲೆ ನಿರ್ಧರಿಸು.

ಅವನು ಹಾಗೆಯೇ ಮಾಡಿದ. ಆ ವರ್ಷ ಬಾಡಿ ಕೊಳ್ಳಲಿಲ್ಲ, ಲೆನ್ಸ್ ಕೊಂಡ. ಇನ್ನೊಬ್ಬರ ಪರೀಕ್ಷೆಯ ಫಲ ಬೇರೆಯಾಗಬಹುದು. ತೀರಾ ಹಳೆಯ, ಕಾಂಟ್ರಾಸ್ಟ್ ವಿಧಾನದ ಕ್ಯಾಮೆರಾ ಇರುವವರಿಗೆ ಹೊಸ ಬಾಡಿಯೇ ನಿಜವಾದ ಪರಿಹಾರವಾಗಿರಬಹುದು. ಹೊಸ ಕ್ಯಾಮೆರಾ ಬೇಡವೆಂದು ನಾನು ಹೇಳುತ್ತಿಲ್ಲ. ಜಾಹೀರಾತಿನ ಅಂಕಿಯ ಮೇಲೆ ಸಾಲ ಮಾಡಬೇಡಿ, ನಿಮ್ಮ ಕೋಣೆಯಲ್ಲಿ ನಿಮ್ಮ ಕೈಯಿಂದ ಎಣಿಸಿದ ಅಂಕಿಯ ಮೇಲೆ ಮಾಡಿ ಎನ್ನುತ್ತಿದ್ದೇನೆ.

ಕೊನೆಯ ಮಾತು. ಆ ಹುಡುಗಿಯನ್ನು ಮತ್ತೊಂದು ದಿನ ಶಾಲೆಯ ವರಾಂಡದಲ್ಲಿ ಪ್ರಶಸ್ತಿ ಪತ್ರ ಹಿಡಿದು ನಿಲ್ಲಿಸಿ, ಬೆಳಗಿನ ಬೆಳಕಿನಲ್ಲಿ ಒಂದು ಫೋಟೋ ತೆಗೆದುಕೊಟ್ಟೆ. ಕಣ್ಣಿನ ರೆಪ್ಪೆಯೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ಅವಳು ಸಂತೋಷದಿಂದಲೇ ತೆಗೆದುಕೊಂಡಳು. ಆದರೆ ಅದರಲ್ಲಿ ವೇದಿಕೆ ಇರಲಿಲ್ಲ, ಚಪ್ಪಾಳೆ ತಟ್ಟಿದ ಜನ ಇರಲಿಲ್ಲ. ಆ ಸಂಜೆ ಮರಳಿ ಬರಲಿಲ್ಲ. ಅವಳ ತಂದೆ ನೋಡಬೇಕಾಗಿದ್ದು ಆ ಸಂಜೆಯನ್ನು.

ಶಿಕ್ಷಕನಾದ ನನಗೆ ಅದರಿಂದ ಇನ್ನೊಂದು ಪಾಠವೂ ಸಿಕ್ಕಿತು. ತರಗತಿಯಲ್ಲಿಯೂ ನಮ್ಮ ಕಣ್ಣು ಬೆಳಗುವ ದಪ್ಪ ಅಕ್ಷರದ ಕಡೆಗೇ ಹೋಗುತ್ತದೆ. ಕೈಯೆತ್ತುವವರು, ಜೋರಾಗಿ ಉತ್ತರಿಸುವವರು ಸುಲಭವಾಗಿ ಕಾಣುತ್ತಾರೆ. ಮಂದ ಬೆಳಕಿನಲ್ಲಿ ಮೌನವಾಗಿ ಕುಳಿತ ಮಗುವಿನ ಮೇಲೆ ಫೋಕಸ್ ತಾನಾಗಿ ಬೀಳುವುದಿಲ್ಲ. ನಾವೇ ಬಿಂದುವನ್ನು ಸರಿಸಿ ಅಲ್ಲಿಡಬೇಕು. ಯಾರು ಮುಖ್ಯರು ಎಂಬುದನ್ನು ಯಂತ್ರಕ್ಕೆ ಹೇಳಬೇಕಾದವರು ನಾವು.